ಒಣಕೊಂಬೆ ಇರಲಿ ಬಿಡಿ

ಬೆಳಿಗ್ಗೆ ಆರಕ್ಕೆ ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿಗಳಿಗಿಂತ ಹಕ್ಕಿಗಳೇ ಜಾಸ್ತಿ. ಲೈಬ್ರರಿ ಹಿಂದಿನ ಅತ್ತಿಮರ ಹಣ್ಣು ಬಿಟ್ಟಿದೆ. ಕೋಗಿಲೆ, ಪಿಕಳಾರ, ಮೈನಾ ಎಲ್ಲಾ ಅಲ್ಲೇ ಗಲಾಟೆ. ನನ್ನ ಕಣ್ಣು ಮಾತ್ರ ಪಕ್ಕದ ಒಣಕೊಂಬೆ ಮೇಲಿತ್ತು. ಚೆಂಬುಕುಟಿಗವೊಂದು ಅಲ್ಲಿ ಪೊಟರೆ ಕೊರೆಯುತ್ತಿತ್ತು. ಸುಮಾರು 17 ಸೆಂಟಿಮೀಟರ್ ಉದ್ದದ ಹಸಿರು ಹಕ್ಕಿ, ಹಣೆಯಲ್ಲಿ ಕಡುಗೆಂಪು. ಕುಟ್ಟುವುದು, ಮರದ ಪುಡಿಯನ್ನು ಹೊರಗೆ ಚೆಲ್ಲುವುದು, ಮತ್ತೆ ತಲೆ ಒಳಗೆ. ಸುಮ್ನೆ ನೋಡುತ್ತಾ ನಿಂತೆ. ಇದಕ್ಕೆ ಗೂಡು ಕೊರೆಯಲು ಹೀಗೆ ಒಣಗಿ ಮೆತ್ತಗಾದ ಮರ ಬೇಕು. ನಾವೋ, ಒಣಗಿದ್ದು ಕಂಡರೆ ಸಾಕು, ಕಡಿದು ಹಾಕುತ್ತೇವೆ. ದಾರಿ ಮೇಲೆ ಬೀಳುವಂತಿದ್ದರೆ ಸರಿ. ಇದು ಮೂಲೆಯಲ್ಲಿದೆ, ಯಾರಿಗೂ ತೊಂದರೆಯಿಲ್ಲ, ಇರಲಿ ಬಿಡಿ, ಅಲ್ವಾ? ಮಿಂಚುಳ್ಳಿ ನೋಡಲು ಕೆರೆ ಕಡೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಎಂಟರ ಕ್ಲಾಸಿಗೆ ಹೊತ್ತಾಯಿತು.