ಹಗಲು ಕೆರೆಯಲ್ಲಿ, ರಾತ್ರಿ ಹೊಲದಲ್ಲಿ

ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಹಳದಿ ಕುಂಡೆಕುಸ್ಕಗಳ ಎದೆ ಅರಿಶಿನ ಬಳಿದಂತೆ ಗಾಢವಾಗತೊಡಗಿದರೆ ನನಗೆ ಚಡಪಡಿಕೆ ಶುರುವಾಗುತ್ತದೆ. ಚಳಿಗಾಲವಿಡೀ ಮಾಸಲು ಮೈಯಲ್ಲಿ ಓಡಾಡಿಕೊಂಡಿದ್ದ ಹಕ್ಕಿಗಳು ತಮ್ಮ ಊರಿಗೆ ಹೊರಡುವ ಮುನ್ನ ಹೊಸ ಗರಿ ತೊಡುತ್ತವೆ. ಈ ವರ್ಷ ಶಿವರಾತ್ರಿಯ ಹಿಂದಿನ ಭಾನುವಾರವೇ ಅದು ಕಣ್ಣಿಗೆ ಬಿತ್ತು. ಚಳಿ ಶಿವ ಶಿವ ಎನ್ನುತ್ತಾ ಹೊರಡುವ ಹೊತ್ತು. ಅದರ ಬೆನ್ನಿಗೇ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳೂ ಹೊರಡುತ್ತವೆ. ಇನ್ನು ತಡ ಮಾಡಿದರೆ ಬರಿಯ ನೀರು ನೋಡಿ ಬರಬೇಕಾದೀತು ಎಂದು ತಮ್ಮನಿಗೆ ಫೋನ್ ಮಾಡಿದೆ.

ಮರುವಾರ ನಸುಕಿನ ನಾಲ್ಕಕ್ಕೆ ನಾನು, ತಮ್ಮ ಮತ್ತು ನನ್ನ ಹತ್ತು ವರ್ಷದ ಮಗಳು ಧಾರವಾಡ ಬಿಟ್ಟೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹುಬ್ಬಳ್ಳಿ ದಾಟಿ ಲಕ್ಷ್ಮೇಶ್ವರದಲ್ಲಿ ಒಂದು ಚಹಾ ಕುಡಿದೆವು. ಹಳಗನ್ನಡದ ಪುಲಿಗೆರೆ ಎಂದರೆ ಇದೇ ಊರು. ಹೆಸರಿನಲ್ಲೇ ಕೆರೆ ಇದೆ. ಅಲ್ಲಿಂದ ಶಿರಹಟ್ಟಿಯ ಕಡೆಗೆ ಹೋಗುವ ದಾರಿಯಲ್ಲಿ ಮಾಗಡಿ ಸಿಗುತ್ತದೆ. ನಾವು ಕೆರೆಯ ಏರಿ ಹತ್ತಿದಾಗ ಮೂಡಣದಲ್ಲಿ ಕಪ್ಪತಗುಡ್ಡದ ಸಾಲು ಇನ್ನೂ ಮಸಿಯ ಗೆರೆಯಂತೆ ಕಾಣುತ್ತಿತ್ತು.

ಕೆರೆಯಲ್ಲಿ ಒಂದೂ ಹೆಬ್ಬಾತು ಇರಲಿಲ್ಲ.

ನಾಮದ ಕೋಳಿಗಳಿದ್ದವು. ಗುಳುಮುಳುಕಗಳು ಮುಳುಗುತ್ತಾ ಏಳುತ್ತಾ ಇದ್ದವು. ನೀರು ಹಿಂದೆ ಸರಿದು ಬಿಟ್ಟುಹೋದ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ತಮ್ಮ ಗುಲಾಬಿ ಕಾಲುಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದವು. ಟಿಟ್ಟಿಭವೊಂದು ನಮ್ಮನ್ನು ಕಂಡದ್ದೇ ಊರಿಗೆಲ್ಲ ಡಂಗುರ ಸಾರಿತು. "ಹೋಗಿಬಿಟ್ಟವೇನಮ್ಮಾ?" ಎಂದು ಮಗಳು ಕೇಳಿದಳು. ಉತ್ತರ ನನ್ನ ಬಳಿಯೂ ಇರಲಿಲ್ಲ.

ಏರಿಯ ಮೇಲೆ ಕಂಬಳಿ ಹೊದ್ದು ಬರುತ್ತಿದ್ದ ಅಜ್ಜ ನಮ್ಮ ದುರ್ಬೀನು ನೋಡಿ ನಿಂತರು. "ಬಾತು ನೋಡಲು ಬಂದಿರೇನು ತಾಯಿ? ಉಣ್ಣಲು ಹೋಗಿವೆ. ರಾತ್ರಿ ನಮ್ಮ ಹೊಲದಲ್ಲಿ ಉಂಡು, ಹಗಲು ಕೆರೆಗೆ ಬಂದು ಮಲಗುತ್ತವೆ. ಸ್ವಲ್ಪ ತಡೆಯಿರಿ."

ತಡೆದೆವು. ಮೊದಲು ಬಂದದ್ದು ದನಿ. ಮೂಗಿನಿಂದ ಹೊರಟಂಥ, ಒಡಕು ಕಹಳೆಯಂಥ ಕೂಗು ಹೊಲಗಳ ದಿಕ್ಕಿನಿಂದ ಕೇಳಿತು. ಆಮೇಲೆ ಗುಡ್ಡದ ಮೇಲಿನ ಕೆಂಪಿನಲ್ಲಿ ಒಂದು ಸಾಲು ಕಂಡಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಕೆರೆಯ ಮೇಲೆ ಬಂದದ್ದೇ ಸಾಲು ಒಡೆದು, ರೆಕ್ಕೆ ಬಾಗಿಸಿ, ಕಾಲು ಮುಂದೆ ಚಾಚಿ ನೀರಿಗೆ ಇಳಿದವು. ಎಣಿಸುತ್ತಾ ಹೋದೆ, ನಾಲ್ಕುನೂರು ದಾಟಿದ ಮೇಲೆ ಎಣಿಕೆ ಬಿಟ್ಟು ಸುಮ್ಮನೆ ನೋಡಿದೆ.

ಪಟ್ಟೆತಲೆ ಹೆಬ್ಬಾತನ್ನು ಬೆಳಕು ಬಂದ ಮೇಲೆ ಸ್ಪಾಟಿಂಗ್ ಸ್ಕೋಪಿನಲ್ಲಿ ನೋಡಬೇಕು. ಬಿಳಿಯ ತಲೆ, ಹಿಂಬದಿಗೆ ಎರಡು ಕಪ್ಪು ಪಟ್ಟೆ, ತುದಿ ಕಪ್ಪಾದ ಕಿತ್ತಳೆ ಹಳದಿಯ ಕೊಕ್ಕು. ನೀರು ಕುಡಿದು ತಲೆ ಎತ್ತಿದ ಒಂದರ ಕೊಕ್ಕಿನ ತುದಿಯಲ್ಲಿ ಹನಿಯೊಂದು ನಿಂತೇ ಇತ್ತು, ಬೀಳದೆ. ಕೊಕ್ಕಿನ ಬುಡಕ್ಕೆ ಒಣಗಿದ ಮಣ್ಣು ಮೆತ್ತಿತ್ತು. "ನಾಮದ ಕೋಳಿಗೆ ನಾಮ ಮುಂದೆ, ಇದಕ್ಕೆ ಹಿಂದೆ" ಎಂದಳು ಮಗಳು. ಇನ್ನು ಅವಳು ಈ ಎರಡನ್ನು ಮರೆಯುವುದಿಲ್ಲ.

ಎರಡು, ಮೂರು ಕಿಲೋ ತೂಗುವ ಈ ಹಕ್ಕಿ ಮೊಟ್ಟೆಯಿಡುವುದು ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಕೆರೆಗಳಲ್ಲಿ. ಅಲ್ಲಿಂದ ಇಲ್ಲಿಗೆ ಬರುವಾಗಲೂ ಹೋಗುವಾಗಲೂ ಹಿಮಾಲಯವನ್ನು ದಾಟುತ್ತದೆ. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಹದ್ದಿನಂತೆ ಗಾಳಿಯ ಮೇಲೆ ತೇಲಿ ಹೋಗುವುದು ಇದಕ್ಕೆ ಸಾಧ್ಯವಿಲ್ಲ, ಉದ್ದಕ್ಕೂ ರೆಕ್ಕೆ ಬಡಿಯಲೇಬೇಕು. ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದುಕೊಳ್ಳುವ ಗುಣ ಅದರ ರಕ್ತಕ್ಕಿದೆ. ಆದರೆ ಹಾರುವ ಶಕ್ತಿ ಬರುವುದು ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ. ಆ ಕೊಬ್ಬು ಕೂಡುವುದು ಶಿರಹಟ್ಟಿ ಸೀಮೆಯ ಹೊಲಗಳಲ್ಲಿ.

ಆದ್ದರಿಂದಲೇ ಹತ್ತು ಗಂಟೆಯ ಹೊತ್ತಿಗೆ ಯಾರೋ ಡ್ರೋನ್ ಹಾರಿಸಿದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಮಲಗಿದ್ದ ಹಿಂಡು ಒಮ್ಮೆಲೇ ಎದ್ದು ಕೆರೆಯನ್ನು ಮೂರು ಸುತ್ತು ಹಾಕಿತು. ನಾಲ್ಕು ಫೋಟೊಗಾಗಿ ಕಳೆದುಹೋದದ್ದು ಅವುಗಳ ದಾರಿಬುತ್ತಿ. ತಮ್ಮ ಹೋಗಿ ಮಾತಾಡಿದ. ಹುಡುಗರು ಮರುಮಾತಿಲ್ಲದೆ ಡ್ರೋನನ್ನು ಇಳಿಸಿದರು. ಅವರಿಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೆ.

ಬಿಸಿಲು ಏರಿದ ಮೇಲೆ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಜ್ಜನನ್ನೂ ಕರೆದೆವು. ಹೆಬ್ಬಾತುಗಳಿಂದ ಬೆಳೆಗೆ ತೊಂದರೆಯಿಲ್ಲವೇ ಎಂದು ಕೇಳಿದೆ. ಅವರು ರೊಟ್ಟಿ ಮುರಿಯುತ್ತಾ ಕಡಲೆಯ ಮಾತು ತೆಗೆದರು. "ಎಳೆಯದಿದ್ದಾಗ ನಾವೂ ಕಡಲೆಯ ಕುಡಿ ಚಿವುಟುತ್ತೇವಲ್ಲ, ಪಲ್ಯಕ್ಕೂ ಆಗುತ್ತದೆ, ಗಿಡವೂ ಕವಲೊಡೆಯುತ್ತದೆ. ಬಾತು ಚಿವುಟಿದರೆ ಬುಡವೇ ಉಳಿಯುವುದಿಲ್ಲ. ಹೊಲದಲ್ಲಿದ್ದರೆ ತಗಡು ಬಡಿದು ಓಡಿಸುತ್ತೇವೆ. ಕೆರೆಗೆ ಇಳಿದ ಮೇಲೆ ಯಾರೂ ಕೈ ಎತ್ತುವುದಿಲ್ಲ. ನಮ್ಮಪ್ಪನ ಕಾಲದಿಂದಲೂ ಹೀಗೆಯೇ."

2024ರ ಜನವರಿಯಲ್ಲಿ ಮಾಗಡಿ ಕೆರೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮಾನ್ಯತೆ ಸಿಕ್ಕಿತು. ಅಂಕಸಮುದ್ರದ ಪಕ್ಷಿ ತಾಣ, ಅಘನಾಶಿನಿ ಅಳಿವೆ ಇವುಗಳ ಜೊತೆಗೆ ಈ ಹೆಸರನ್ನು ಓದಿದ ದಿನ ಹಬ್ಬದಷ್ಟು ಹಿಗ್ಗಿದ್ದೆ, ಇಂದಿಗೂ ಆ ಹಿಗ್ಗು ಇಳಿದಿಲ್ಲ. ಆದರೆ ನಕ್ಷೆಯ ಗೆರೆ ಕೆರೆಯ ಸುತ್ತ ನಿಲ್ಲುತ್ತದೆ, ಹೆಬ್ಬಾತಿನ ಊಟ ಆ ಗೆರೆಯ ಆಚೆಗಿದೆ. ಅಜ್ಜನ ಹೊಲದ ಕಡಲೆಯೂ ಕೆರೆಯ ಲೆಕ್ಕದಲ್ಲಿ ಸೇರಬೇಕು, ಮೇದುಹೋದ ಬೆಳೆಗೆ ಪರಿಹಾರ ಅಲೆದಾಟವಿಲ್ಲದೆ ರೈತರ ಕೈ ಸೇರಬೇಕು. ಕೆರೆಗೆ ಬೇಲಿ ಹಾಕುವುದಕ್ಕಿಂತ ಇದು ಮೊದಲು ಆಗಬೇಕಾದ ಕೆಲಸ ಎಂದೇ ನನಗೆ ಅನ್ನಿಸುತ್ತದೆ.

ಮಧ್ಯಾಹ್ನಕ್ಕೆ ಹೊರಡಬೇಕಿದ್ದವರು ಸಂಜೆಯವರೆಗೂ ಉಳಿದೆವು. ಅಜ್ಜ ತಮ್ಮ ಹೊಲಕ್ಕೆ ಕರೆದಿದ್ದರು. ಕಡಲೆಯ ರಾಶಿ ಮುಗಿದಿತ್ತು. ಕಾಳು ತುಂಬಿದ ಚೀಲಗಳ ಮೇಲೆ ತಾಡಪತ್ರಿ ಎಳೆದು, ನಾಲ್ಕೂ ಮೂಲೆಗೆ ಕಲ್ಲು ಇಟ್ಟರು. ಸುತ್ತ ಕಾಳು ಚೆಲ್ಲಿತ್ತು. ಒಣಗಿದ ಹಿಕ್ಕೆಗಳೂ ಒಂದು ಬೂದು ಗರಿಯೂ ಬಿದ್ದಿದ್ದವು. ಮಗಳು ಉದುರಿದ ಕಾಳು ಆರಿಸಿ ಕೊಡಲು ಬಗ್ಗಿದಳು.

"ಬಿಡವ್ವಾ, ಅವು ತಿನ್ನಲಿ" ಎಂದರು ಅಜ್ಜ. "ದೂರ ಹೋಗಬೇಕು."

ಹೊತ್ತು ಮುಳುಗಿತು. ಹೊಲದೊಳಗೆ ಕಾಲಿಡದೆ ಬದುವಿನ ಮೇಲೆಯೇ ಬನ್ನಿ ಎಂದು ಅಜ್ಜ ಮುಂದೆ ನಡೆದರು. ನಾವು ಹಿಂದೆ ನಡೆದೆವು. ಕಾರಿನ ಹತ್ತಿರ ಬರುವಷ್ಟರಲ್ಲಿ ಕೆರೆಯ ಕಡೆಯಿಂದ ಅದೇ ಒಡಕು ಕಹಳೆ ಎದ್ದಿತು. ತಲೆಯ ಮೇಲೆ ರೆಕ್ಕೆಗಳ ಸಪ್ಪಳ ಹಾದುಹೋಯಿತು, ಹಕ್ಕಿಗಳು ಕಾಣಲಿಲ್ಲ. ತಮ್ಮ ಕಾರಿನ ದೀಪ ಹಚ್ಚದೆ ನಿಂತ. ಸ್ವಲ್ಪ ಹೊತ್ತಿನಲ್ಲಿ, ನಾವು ಬಿಟ್ಟುಬಂದ ಹೊಲದಿಂದ ಕಡಲೆಯ ಒಣ ಹೊಟ್ಟು ಸರಪರ ಎನ್ನುವುದು ಕೇಳತೊಡಗಿತು.