ತೂತು ಸಣ್ಣದಾದರೂ ಡ್ರೇನ್ ಮೇಲೆ ಕಣ್ಣಿರಲಿ

ನಾನು ಕಲಬುರಗಿಯ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ನಮಗೆ ದಿನನಿತ್ಯದ್ದು. ಇನ್ಸುಲಿನೋಮಾ ಹಾಗಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಬರುವ ಗಡ್ಡೆ ಅದು. ಮೇದೋಜೀರಕ ಗ್ರಂಥಿಯಲ್ಲಿ ಕೂತು ಬೇಕಿರಲಿ ಬಿಡಲಿ ಇನ್ಸುಲಿನ್ ಸುರಿಸುತ್ತದೆ. ಹೊಟ್ಟೆ ಖಾಲಿ ಇದ್ದಾಗ ಶುಗರ್ ಕುಸಿದು ಬೆವರು, ತೊದಲು, ಕೆಲವರಿಗೆ ಫಿಟ್ಸ್. ಸೇಡಂ ಕಡೆಯಿಂದ ಬಂದಿದ್ದ ಒಬ್ಬ ಅಕ್ಕನಿಗೆ ಮೊದಲು ಫಿಟ್ಸ್ ಗುಳಿಗೆಯೇ ನಡೆದಿತ್ತಂತೆ. ಸಕ್ಕರೆ ನೀರು ಕುಡಿಸಿದರೆ ಎದ್ದು ಕೂರುತ್ತಾಳೆ ಅಂತ ಅವರ ಅತ್ತೆ ಹೇಳಿದ್ದರಿಂದ ಡಾಕ್ಟರಿಗೆ ಅನುಮಾನ ಬಂತು.

ಈ ಗಡ್ಡೆ ಸಾಮಾನ್ಯವಾಗಿ 2 ಸೆಂಟಿಮೀಟರಿಗಿಂತ ಚಿಕ್ಕದು, ಬಹುಪಾಲು ಕ್ಯಾನ್ಸರ್ ಅಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್ನಿನಲ್ಲಿ, ಕೈಯಿಂದ ಮುಟ್ಟಿ ಹುಡುಕೋಕೆ ಆಗಲ್ಲ. ಹಾಗಾಗಿ ಹೊಟ್ಟೆಯೊಳಗೇ ಅಲ್ಟ್ರಾಸೌಂಡ್ ಪ್ರೋಬ್ ಇಳಿಸುತ್ತಾರೆ. ಗಡ್ಡೆ ಗ್ರಂಥಿಯ ರಸ ಹರಿಯುವ ಮುಖ್ಯ ನಾಳದಿಂದ ದೂರ ಇದ್ದರೆ ಅದನ್ನಷ್ಟೇ ಬಿಡಿಸಿ ತೆಗೆಯಬಹುದು. ಈ ಅಕ್ಕನಿಗೆ ಹಾಗೇ ಆಯಿತು.

ನಮ್ಮ ಕೆಲಸ ಶುರುವಾಗೋದು ಆಮೇಲೆ. ಮರುದಿನವೇ ಅವರು ಎದ್ದು ಓಡಾಡಿದರು. ಗಂಡನಿಗೆ ಆತುರ.

"ಸಿಸ್ಟರ್, ತೂತು ಇಷ್ಟೇ ಅವ. ತೊಗರಿ ರಾಶಿ ಅದರಿ, ನಾಳಿ ಮನಿಗಿ ಕಳಸ್ರಿ."

ಹೊರಗಿನ ಗಾಯ ಎಷ್ಟೇ ಚಿಕ್ಕದಿರಲಿ, ಒಳಗೆ ಗಾಯ ಆಗಿರೋದು ಮೇದೋಜೀರಕ ಗ್ರಂಥಿಗೇ ಅಲ್ವಾ? ಅದರ ಜೀರ್ಣರಸ ಸೋರಿದರೆ ಸುತ್ತಲಿನ ಮಾಂಸವನ್ನೂ ಬಿಡಲ್ಲ, ಚರ್ಮದ ಮೇಲೆ ಬಿದ್ದರೆ ಚರ್ಮ ಸುಲಿಯುತ್ತದೆ. ಅದಕ್ಕೇ ನಾನು ಡ್ಯೂಟಿಗೆ ಬಂದ ಕೂಡಲೇ ಬ್ಯಾಂಡೇಜ್ ನೋಡೋಕೆ ಮುಂಚೆ ಡ್ರೇನ್ ಬ್ಯಾಗ್ ನೋಡುತ್ತೇನೆ. ಡ್ರೇನ್ ಅಂದರೆ ಆಪರೇಷನ್ ಆದ ಜಾಗದಿಂದ ನೀರು ಹೊರಗೆ ಬರಲು ಇಟ್ಟ ನಳಿಗೆ, ಆ ನೀರು ಬ್ಯಾಗಿನಲ್ಲಿ ಸೇರುತ್ತದೆ. ತಿಳಿ ನಸುಗೆಂಪು ನೀರು ಇದ್ದರೆ ಸಮಾಧಾನ. ಬೂದು ಬಣ್ಣಕ್ಕೆ ತಿರುಗಿದರೆ, ಹಾಲಿನ ಹಾಗೆ ಕದಡಿದರೆ ತಕ್ಷಣ ಡಾಕ್ಟರಿಗೆ ಫೋನ್. ಎಷ್ಟು ಎಂಎಲ್ ಅಂತ ಬರೆದರೆ ಸಾಲದು, ಬಣ್ಣವನ್ನೂ ಬರೆಯಬೇಕು. ಹೊಸ ಹುಡುಗಿಯರು ಇದನ್ನೇ ಬಿಡೋದು ಜಾಸ್ತಿ. ಶುಗರನ್ನೂ ಪದೇ ಪದೇ ನೋಡುತ್ತಿರಬೇಕು, ಗಡ್ಡೆ ಹೋದ ಮೇಲೆ ಅದು ಕೆಲವು ದಿನ ಏರುವುದುಂಟು.

3ನೇ ದಿನ ಡ್ರೇನ್ ನೀರನ್ನು ಅಮೈಲೇಸ್ ಪರೀಕ್ಷೆಗೆ ಕಳಿಸಿದೆವು. ಅಮೈಲೇಸ್ ಈ ಗ್ರಂಥಿಯ ಜೀರ್ಣರಸದಲ್ಲಿರುವ ಒಂದು ಕಿಣ್ವ. ರಕ್ತದಲ್ಲಿ ಸಾಮಾನ್ಯವಾಗಿ ಇರಬಹುದಾದ ಗರಿಷ್ಠ ಮಟ್ಟದ 3 ಪಟ್ಟಿಗಿಂತ ಜಾಸ್ತಿ ಬಂದರೆ ರಸ ಸೋರುತ್ತಿದೆ ಅಂತ ಅರ್ಥ. ಇವರದ್ದು ಜಾಸ್ತಿಯೇ ಬಂತು. ಜ್ವರ ಇರಲಿಲ್ಲ, ಊಟ ಸೇರುತ್ತಿತ್ತು. ಇನ್ನೂ ಕೆಲವು ದಿನ ನೋಡಿ, ಡ್ರೇನ್ ಸಮೇತವೇ ಮನೆಗೆ ಕಳಿಸಲು ಡಾಕ್ಟರ್ ಒಪ್ಪಿದರು. ಬ್ಯಾಗ್ ಸೊಂಟಕ್ಕಿಂತ ಕೆಳಗಿರಲಿ, ಬಸ್ಸಿನಲ್ಲಿ ನಳಿಗೆ ಎಳೆದುಕೊಳ್ಳದಂತೆ ಸೀರೆಗೆ ಪಿನ್ ಹಾಕಿಕೊಳ್ಳಿ ಅಂತ ತೋರಿಸಿಕೊಟ್ಟೆ. ಗಂಡನಿಗೆ ಬೇರೆ ಹೇಳಿದೆ: ಜ್ವರ ಬಂದ್ರ, ನೀರಿನ ಬಣ್ಣ ಬದಲಾದ್ರ, ರಾಶಿ ಅಲ್ಲೇ ಬಿಟ್ಟು ಕರ್ಕೊಂಡ್ ಬರ್ರಿ.