ಎಂಟ್ರಿಗೆ ಕಾದು ನಿಂತ ಇಬ್ಬರು

ದಾವಣಗೆರೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಅಪ್ಪ ಮಾತ್ರ ಬ್ರಷ್ ಹಿಡಿದವರು. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು: ಬೀದಿ, ದರ್ಬಾರು, ಕಾಡು, ಉದ್ಯಾನ. ಪುಡಿ ಬಣ್ಣಕ್ಕೆ ಬಿಸಿ ಅಂಟು ಕಲಸಿ, ಬಟ್ಟೆ ನೆಲಕ್ಕೆ ಹಾಸಿ, ಅದರ ಮೇಲೆಯೇ ಬರಿಗಾಲಲ್ಲಿ ಓಡಾಡಿ ಬರೆಯೋದು. ಈಗ ಮಧ್ಯಾಹ್ನ ಅಂಗಡಿಗೆ ಬಂದು ಕೂರುತ್ತಾರೆ. ನನ್ನ ಡಿಸೈನಿಗೆ ಹೆಸರಿಡೋದೇ ಕೆಲಸ.

ಮೊನ್ನೆ ಗಿರಾಕಿ ಇರಲಿಲ್ಲ. ಷಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿರೋ ಒಂದು ತೈಲಚಿತ್ರವನ್ನು ಸ್ಕ್ರೀನ್ ತುಂಬಾ ದೊಡ್ಡದು ಮಾಡಿ ನೋಡುತ್ತಿದ್ದೆ. ವೆನಿಸ್‌ನ ಟಿಯೆಪೊಲೊ 1742-45ರ ಹೊತ್ತಿಗೆ ಬರೆದದ್ದು. ತೋಟ, ಅದರಲ್ಲಿ ಮೈಮರೆತ ಗಂಡು ಹೆಣ್ಣು, ಒಂದು ಕನ್ನಡಿ.

"ಪ್ರಮೀಳೆ, ಅರ್ಜುನ ಅಲ್ಲೇನೋ?" ಅಂದರು ಅಪ್ಪ.

ತೀರಾ ತಪ್ಪೇನಲ್ಲ. ಇವರು ಆರ್ಮಿಡಾ, ರಿನಾಲ್ಡೊ. 1581ರಲ್ಲಿ ಅಚ್ಚಾದ ತಾಸೊ ಕವಿಯ ವೀರಕಾವ್ಯದವರು. ಮಾಟಗಾತಿ ಆರ್ಮಿಡಾ ಮಲಗಿದ್ದ ವೀರನನ್ನು ಕೊಲ್ಲಲು ಬರುತ್ತಾಳೆ. ಮುಖ ನೋಡಿ ಸೋತು, ದೂರದ ದ್ವೀಪಕ್ಕೆ ಹೊತ್ತೊಯ್ಯುತ್ತಾಳೆ. ಇಪ್ಪತ್ತು ಸರ್ಗದ ಕಾವ್ಯದಲ್ಲಿ ಜೆರುಸಲೇಮಿಗಾಗಿ ಅಷ್ಟೊಂದು ಯುದ್ಧ ಇದೆ. ಆದರೆ ಇಲ್ಲಿ ತೋಟವೇ ಬೇಕಾಯಿತು. ರೊಕೊಕೊ ಅಂತ ಹದಿನೆಂಟನೇ ಶತಮಾನದ ಯುರೋಪಿನ ನಾಜೂಕು ಶೈಲಿ; ಆ ಕಾಲದವರಿಗೆ ರಕ್ತಕ್ಕಿಂತ ರೇಷ್ಮೆ ಇಷ್ಟ. ನನಗೂ ಇದು ಮೊದಲು ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಿತ್ತು.

"ಸೈಜ್ ಎಷ್ಟು?"

"ಎತ್ತರ ಆರಡಿ ಚಿಲ್ಲರೆ, ಅಗಲ ಎಂಟೂವರೆ."

"ಸಣ್ಣ ಪರದೆ," ಅಂದು ಕುರ್ಚಿ ಮುಂದೆ ಎಳೆದುಕೊಂಡರು. ಕನ್ನಡಕ ಹಣೆಗೇರಿಸಿ, ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದರು. ಜೋಡಿಯನ್ನು ಬಿಟ್ಟು ಅಂಚಿನ ಮೇಲೆ ಬೆರಳಿಟ್ಟರು. ಅಲ್ಲಿ ಇಬ್ಬರು ಸೈನಿಕರು ಮರೆಯಲ್ಲಿ ನಿಂತು ಇಣುಕುತ್ತಿದ್ದಾರೆ. ರಿನಾಲ್ಡೊನನ್ನು ಹುಡುಕಿಕೊಂಡು ಬಂದ ಗೆಳೆಯರು ಕಾರ್ಲೊ, ಉಬಾಲ್ಡೊ.

"ನೋಡಿಲ್ಲಿ, ಸೈಡ್ ವಿಂಗಿನಾಗೆ ಎಂಟ್ರಿಗೆ ಕಾಯ್ತಾ ನಿಂತಾರೆ! ಇವ ನಾಟಕ ಕಂಡೋನೇ ಬಿಡು."

ಎಷ್ಟು ಸಲ ನೋಡಿದ್ದೆ, ನನಗೆ ಹೊಳೆದಿರಲಿಲ್ಲ. ಪರದೆ ಬರೆದವರ ಕಣ್ಣೇ ಬೇರೆ.

"ಬಂದು ಏನು ಮಾಡ್ತಾರೆ, ಕತ್ತಿ ಹಿರೀತಾರಾ?"

"ಇಲ್ಲಪ್ಪ. ಥಳಥಳ ಹೊಳೆಯೋ ಗುರಾಣಿ ಹಿಡೀತಾರೆ. ಅವನಿಗೆ ಅದರಲ್ಲಿ ತನ್ನ ಶೋಕಿ ವೇಷ ಕಂಡು ನಾಚಿಕೆ ಆಗುತ್ತೆ. ಎದ್ದು ಹೊರಡ್ತಾನೆ."

"ಆಕಿ?"

"ಅಳ್ತಾಳೆ. ಅದಕ್ಕೂ ಬೇರೆ ಚಿತ್ರ ಬರೆದಿದ್ದಾನೆ."

ಅಷ್ಟರಲ್ಲಿ ಒಬ್ಬ ಹುಡುಗ ಬೈಕ್ ನಿಲ್ಲಿಸಿ ಒಳಬಂದ. ಬರ್ತ್‌ಡೇ ಬ್ಯಾನರ್, ಎಂಟು ಫೋಟೊ, ಸಂಜೆಯೊಳಗೆ ಬೇಕಂತೆ. ಚಿತ್ರ ಮುಚ್ಚಲು ಮೌಸ್ ಹಿಡಿದೆ. ಅಪ್ಪ ಕೈ ತಡೆದರು.

"ತಡಿಯೋ, ಆ ಇಬ್ರು ಇನ್ನೂ ಸ್ಟೇಜಿಗೆ ಬಂದಿಲ್ಲ."